ಬಾಹ್ಯಾಕಾಶ ವಿಡಿಯೊ ಆಟಗಳಲ್ಲಿ ನೌಕಾವಿನ್ಯಾಸ

ಬಾಹ್ಯಾಕಾಶ ವಿಡಿಯೊ ಆಟಗಳಲ್ಲಿ ನೌಕಾವಿನ್ಯಾಸ ಎಂಬುದು ಬಾಹ್ಯಾಕಾಶವನ್ನು ವಸ್ತುವಾಗಿ ಉಳ್ಳ ವಿಡಿಯೊ ಆಟಗಳಲ್ಲಿ ಕಾಣಿಸಿಕೊಳ್ಳುವ ನೌಕೆಗಳ ಆಕಾರ, ಗಾತ್ರ, ಬಣ್ಣ, ಮೇಲ್ಮೈ ಹಾಗೂ ಒಳಾಂಗಣಗಳನ್ನು ರೂಪಿಸುವ ಕಲೆಯಾಗಿದೆ. ಇಂತಹ ಆಟಗಳಲ್ಲಿ ಬಹಳಷ್ಟು ವೇಳೆ ಆಟಗಾರರ ಪಾತ್ರಕ್ಕೆ ಮುಖವಾಗಲಿ ಮೈಯಾಗಲಿ ಕಾಣುವುದಿಲ್ಲ. ನೌಕೆಯೇ ಅವರ ಮೈ, ನೌಕೆಯೇ ಅವರ ಗುರುತು. ಆದಕಾರಣ ನೌಕೆಯ ರೂಪದ ಕುರಿತು ಆಟಗಾರರು ತಳೆಯುವ ಅಭಿಪ್ರಾಯಗಳು ಆಟದ ಜನಪ್ರಿಯತೆಯ ಮೇಲೂ ಅದನ್ನು ತಯಾರಿಸುವ ಸಂಸ್ಥೆಗಳ ನಿರ್ಧಾರಗಳ ಮೇಲೂ ಪ್ರಭಾವ ಬೀರುತ್ತವೆ.

1962ರ ಸ್ಪೇಸ್‌ವಾರ್ ಆಟದಿಂದ ಮೊದಲ್ಗೊಂಡು ಎಲೀಟ್, ಹೋಮ್‌ವರ್ಲ್ಡ್, ಈವ್ ಆನ್‌ಲೈನ್, ನೋ ಮ್ಯಾನ್ಸ್ ಸ್ಕೈ, ಸ್ಟಾರ್ ಸಿಟಿಜನ್ ಮುಂತಾದ ಆಟಗಳವರೆಗೆ ಈ ಕಲೆಯು ಯಂತ್ರಗಳ ಸಾಮರ್ಥ್ಯ ಹೆಚ್ಚಿದಂತೆ ಬೆಳೆಯುತ್ತ ಬಂದಿದೆ. ನೌಕೆಯ ಅಂದವೇ ಹಣಕ್ಕೆ ಮಾರಾಟವಾಗುವ ಸರಕಾಗಿರುವುದರಿಂದ, ಇಂದು ವಿನ್ಯಾಸದ ಚರ್ಚೆಯು ಗ್ರಾಹಕರ ಹಕ್ಕು ಮತ್ತು ಕಲಾವಿದರ ಶ್ರಮದ ಪ್ರಶ್ನೆಗಳನ್ನೂ ಒಳಗೊಂಡಿದೆ.

ಇತಿಹಾಸ

ಗೆರೆ ಮತ್ತು ಚುಕ್ಕಿಗಳ ಕಾಲ

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಸಂಗಡಿಗರು ಪಿಡಿಪಿ-1 ಗಣಕಯಂತ್ರಕ್ಕಾಗಿ ರಚಿಸಿದ ಸ್ಪೇಸ್‌ವಾರ್ ಆಟದಲ್ಲಿ ಎರಡೇ ನೌಕೆಗಳಿದ್ದವು. ಒಂದು ಸೂಜಿಯಂತೆ ಸಪೂರ, ಇನ್ನೊಂದು ಬೆಣೆಯಂತೆ ಅಗಲ. ಆಟಗಾರರು ಅವುಗಳನ್ನು ಸೂಜಿ, ಬೆಣೆ ಎಂಬರ್ಥದ ಇಂಗ್ಲಿಷ್ ಹೆಸರುಗಳಿಂದಲೇ ಕರೆದರು. ಬಣ್ಣವಿಲ್ಲದ ಪರದೆಯ ಮೇಲೆ, ಮಧ್ಯದ ನಕ್ಷತ್ರದ ಗುರುತ್ವಾಕರ್ಷಣೆಯಿಂದ ಸುತ್ತುತ್ತಿರುವಾಗಲೂ ತಮ್ಮ ನೌಕೆ ಯಾವುದೆಂದು ಇಬ್ಬರು ಆಟಗಾರರಿಗೂ ತಿಳಿಯಬೇಕಾಗಿತ್ತು. ಗುರುತಿಸಲು ಸಾಧ್ಯವಾಗಬೇಕೆಂಬ ಈ ಮೊದಲ ಅಗತ್ಯವು ಇಂದಿಗೂ ನೌಕಾವಿನ್ಯಾಸದ ಮೂಲಸೂತ್ರವಾಗಿದೆ.

1978ರಲ್ಲಿ ಜಪಾನಿನ ಟೈಟೊ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಶತ್ರುಗಳ ಆಕಾರಗಳು ಏಡಿ, ಆಕ್ಟೊಪಸ್ ಮೊದಲಾದ ಕಡಲಜೀವಿಗಳನ್ನು ಹೋಲುತ್ತಿದ್ದವು. ಮೂಲ ಯಂತ್ರದ ಚಿತ್ರ ಕಪ್ಪು-ಬಿಳುಪಿನದು. ಪರದೆಯ ಮೇಲೆ ಬಣ್ಣದ ಪಾರದರ್ಶಕ ಹಾಳೆ ಅಂಟಿಸಿ ಬಣ್ಣದ ಭ್ರಮೆಯನ್ನು ಉಂಟುಮಾಡಲಾಗುತ್ತಿತ್ತು. ಮರುವರ್ಷ ಅಟಾರಿ ಸಂಸ್ಥೆ ಹೊರತಂದ ಆಸ್ಟರಾಯ್ಡ್ಸ್ ಆಟದ ನೌಕೆಯು ಕೆಲವೇ ಬೆಳಕಿನ ಗೆರೆಗಳಿಂದಾದ ತ್ರಿಕೋನವಾಗಿತ್ತು. ತ್ರಿಕೋನದ ಚೂಪಾದ ತುದಿಯೇ ನೌಕೆಯ ಮೂತಿ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಲೀಟ್ ಮತ್ತು ಹಾವಿನ ಹೆಸರುಗಳು

1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಯುವಕರು ಬಿಬಿಸಿ ಮೈಕ್ರೊ ಗಣಕಕ್ಕಾಗಿ ಬರೆದ ಎಲೀಟ್ ಆಟವು ಮೂರು ಆಯಾಮಗಳ ನೌಕೆಗಳನ್ನು ಮನೆಮನೆಯ ಪರದೆಗೆ ತಂದಿತು. ಇಲ್ಲಿನ ನೌಕೆಗಳು ತಂತಿಯ ಚೌಕಟ್ಟಿನಂತೆ ಬರಿಯ ಅಂಚುಗಳಿಂದ ಕೂಡಿದ್ದವು. ನೌಕೆಯ ಹಿಂಬದಿಯ ಗೆರೆಗಳನ್ನು ಮರೆಮಾಡುವ ಲೆಕ್ಕವನ್ನು ಅಂದಿನ ನಿಧಾನಗತಿಯ ಯಂತ್ರವು ತ್ವರಿತವಾಗಿ ಮಾಡಬೇಕಾದರೆ ಆಕಾರದಲ್ಲಿ ಒಳತಗ್ಗುಗಳು ಇರಬಾರದಾಗಿತ್ತು. ಹೀಗಾಗಿ ನೌಕೆಗಳೆಲ್ಲ ಕತ್ತರಿಸಿದ ಹರಳಿನಂತೆ ಉಬ್ಬಿದ ಮುಖಗಳನ್ನು ಪಡೆದವು. ಯಂತ್ರದ ಮಿತಿಯಿಂದ ಹುಟ್ಟಿದ ಈ ರೂಪವೇ ಮುಂದೆ ಆ ಆಟದ ಸೌಂದರ್ಯವೆನಿಸಿತು.

ಎಲೀಟ್‌ನ ನೌಕೆಗಳಿಗೆ ಹಾವುಗಳ ಹೆಸರನ್ನು ಇಡಲಾಗಿತ್ತು. ಕೋಬ್ರಾ ಎಂದರೆ ನಾಗರಹಾವು, ಪೈಥಾನ್ ಎಂದರೆ ಹೆಬ್ಬಾವು, ಕ್ರೇಟ್ ಎಂದರೆ ಕಟ್ಟುಹಾವು. ಇವು ಮೂರೂ ಕರ್ನಾಟಕದಲ್ಲಿಯೂ ಕಂಡುಬರುವ ಹಾವುಗಳು. ಕ್ರೇಟ್ ಎಂಬ ಇಂಗ್ಲಿಷ್ ಪದವು ಭಾರತೀಯ ಭಾಷೆಯಿಂದಲೇ ಹೋದುದು. ಮಾಂಬಾ, ಅನಕೊಂಡಾ, ಬೋವಾ ಮೊದಲಾದವು ಇತರ ಖಂಡಗಳ ಹಾವುಗಳು. ಕೋಬ್ರಾ ಮಾರ್ಕ್ 3 ನೌಕೆಯ ಹೆಡೆಯಂತೆ ಅಗಲವಾದ, ಚಪ್ಪಟೆಯಾದ ಆಕಾರವು ಎಷ್ಟು ಪ್ರಸಿದ್ಧವಾಯಿತೆಂದರೆ, 30 ವರ್ಷಗಳ ಅನಂತರ 2014ರಲ್ಲಿ ಎಲೀಟ್ ಡೇಂಜರಸ್ ಆಟವು ಬಿಡುಗಡೆಯಾದಾಗ ವಿವರಗಳನ್ನೆಲ್ಲ ಹೊಸದಾಗಿ ಚಿತ್ರಿಸಿದರೂ ಆ ಹೊರಗೆರೆಯನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು.

ಪುಸ್ತಕಗಳ ಮುಖಪುಟದ ಪ್ರಭಾವ

1990ರ ದಶಕದಲ್ಲಿ ಗಣಕಗಳ ಚಿತ್ರಸಾಮರ್ಥ್ಯ ಹೆಚ್ಚಿದಂತೆ ಬಣ್ಣ ಹಾಗೂ ಮೇಲ್ಮೈಯ ವಿವರಗಳಿಗೆ ಅವಕಾಶ ದೊರೆಯಿತು. ಕೆನಡಾದ ರೆಲಿಕ್ ಸಂಸ್ಥೆ 1999ರಲ್ಲಿ ಹೊರತಂದ ಹೋಮ್‌ವರ್ಲ್ಡ್ ಆಟದ ಕಲಾವಿದರು 1970ರ ದಶಕದ ವೈಜ್ಞಾನಿಕ ಕಾದಂಬರಿಗಳ ಮುಖಪುಟಗಳನ್ನು, ವಿಶೇಷವಾಗಿ ಬ್ರಿಟಿಷ್ ಚಿತ್ರಕಾರರಾದ ಕ್ರಿಸ್ ಫಾಸ್ ಮತ್ತು ಪೀಟರ್ ಎಲ್ಸನ್ ಅವರ ಕೃತಿಗಳನ್ನು ಮಾದರಿಯಾಗಿ ಇಟ್ಟುಕೊಂಡರು. ಭಾರಿ ಗಾತ್ರದ ಒಡಲು, ಅದರ ಮೇಲೆ ದಪ್ಪನೆಯ ಬಣ್ಣದ ಪಟ್ಟೆಗಳು, ಅಲ್ಲಲ್ಲಿ ಚಿಕ್ಕ ಕಿಟಕಿಗಳ ಬೆಳಕು ಇವು ಆ ಶೈಲಿಯ ಲಕ್ಷಣಗಳು. ಹೋಮ್‌ವರ್ಲ್ಡ್‌ನ ತಾಯಿನೌಕೆಯು ಅಡ್ಡವಾಗಿ ಚಾಚದೆ ನೆಟ್ಟಗೆ ನಿಂತಿರುವುದು ಆಟಗಾರರ ನೆನಪಿನಲ್ಲಿ ಉಳಿದ ಸಂಗತಿ. ಮೇಲು-ಕೆಳಗು ಎಂಬುದೇ ಇಲ್ಲದ ಅವಕಾಶದಲ್ಲಿ ನೌಕೆಯು ಹಡಗಿನಂತೆ ಮಲಗಿರಬೇಕಾಗಿಲ್ಲ ಎಂಬುದನ್ನು ಅದು ಒಂದೇ ನೋಟದಲ್ಲಿ ತಿಳಿಸಿತು.

ವಿನ್ಯಾಸದ ಅಂಗಗಳು

ಹೊರಗೆರೆ

ವಿವರಗಳನ್ನೆಲ್ಲ ಅಳಿಸಿ ಕಪ್ಪು ನೆರಳಾಗಿ ನೋಡಿದಾಗಲೂ ನೌಕೆಯನ್ನು ಗುರುತಿಸುವಂತಿರಬೇಕು ಎಂಬುದು ವಿನ್ಯಾಸಕಾರರು ಅನುಸರಿಸುವ ನಿಯಮ. ಈ ತತ್ತ್ವವು ಕನ್ನಡನಾಡಿನ ಜನಪದ ಕಲೆಗಳಿಗೆ ಹೊಸದಲ್ಲ. ತೊಗಲು ಗೊಂಬೆಯಾಟದಲ್ಲಿ ಪರದೆಯ ಹಿಂದಿನ ದೀಪದ ಬೆಳಕಿನಲ್ಲಿ ಪಾತ್ರವನ್ನು ಅದರ ಅಂಚಿನಿಂದಲೇ ತಿಳಿಯಬೇಕಾಗುತ್ತದೆ. ರಾಜ ಮತ್ತು ದೇವತೆಗಳ ಗೊಂಬೆಗಳು ದೊಡ್ಡವು, ಸೇವಕರ ಗೊಂಬೆಗಳು ಚಿಕ್ಕವು. ದೊಡ್ಡಾಟದಲ್ಲಿ ವೇಷಧಾರಿಯು ಮಾತನಾಡುವ ಮೊದಲೇ ಅವನ ಕಿರೀಟ ಮತ್ತು ಭುಜಕೀರ್ತಿಗಳು ಪಾತ್ರದ ಅಂತಸ್ತನ್ನು ದೂರದ ಪ್ರೇಕ್ಷಕನಿಗೆ ತಿಳಿಸುತ್ತವೆ. ಬಾಹ್ಯಾಕಾಶದ ಆಟಗಳಲ್ಲಿಯೂ ಸರಕುನೌಕೆ, ಯುದ್ಧನೌಕೆ, ಶೋಧನೌಕೆಗಳ ಹೊರಗೆರೆಗಳು ಇದೇ ಕೆಲಸವನ್ನು ಮಾಡುತ್ತವೆ.

ಬಣ್ಣ ಮತ್ತು ಮೇಲ್ಮೈ

ಬಣ್ಣವು ಪಕ್ಷವನ್ನು ಸೂಚಿಸುತ್ತದೆ. ಮೇಲ್ಮೈಯು ನೌಕೆಯ ವಯಸ್ಸನ್ನೂ ಒಡೆಯರ ಸಿರಿತನವನ್ನೂ ಸೂಚಿಸುತ್ತದೆ. ತುಕ್ಕು, ಗೀರು, ತೇಪೆಗಳಿರುವ ನೌಕೆ ಬಹುಕಾಲ ದುಡಿದಂತೆ ಕಾಣುತ್ತದೆ. ನುಣುಪಾದ ಬಿಳಿಯ ನೌಕೆ ಹೊಸ ನಾಗರಿಕತೆಯದೆಂದು ತೋರುತ್ತದೆ. ಆದರೆ ಕೇವಲ ಕೆಂಪು ಮತ್ತು ಹಸಿರು ಬಣ್ಣಗಳಿಂದ ಶತ್ರು-ಮಿತ್ರರನ್ನು ಬೇರ್ಪಡಿಸಿದರೆ ವರ್ಣಾಂಧತೆಯುಳ್ಳ ಆಟಗಾರರಿಗೆ ಆಟವೇ ಅಸಾಧ್ಯವಾಗುತ್ತದೆ. ಕೆಂಪು-ಹಸಿರು ವರ್ಣಾಂಧತೆಯು ಗಂಡಸರಲ್ಲಿ ಹೆಚ್ಚಾಗಿ ಕಂಡುಬರುವುದರಿಂದ ಈ ಆಕ್ಷೇಪವು ಆಟಗಾರರಿಂದ ಮತ್ತೆ ಮತ್ತೆ ಬಂದಿದೆ. ಬಣ್ಣದೊಡನೆ ಆಕಾರ ಮತ್ತು ಚಿಹ್ನೆಗಳನ್ನೂ ಬಳಸುವುದು ಇದಕ್ಕೆ ಪರಿಹಾರ.

ಅಳತೆ

ಬಾಹ್ಯಾಕಾಶದಲ್ಲಿ ಗಾತ್ರವನ್ನು ಹೋಲಿಸಲು ಮರವಿಲ್ಲ, ಮನೆಯಿಲ್ಲ. ಆದ್ದರಿಂದ ಕಿಟಕಿ, ಏಣಿ, ಬಾಗಿಲು ಮುಂತಾದ ಪರಿಚಿತ ವಸ್ತುಗಳನ್ನು ನೌಕೆಯ ಮೈಮೇಲೆ ಚಿತ್ರಿಸಿ ಗಾತ್ರದ ಅರಿವನ್ನು ಮೂಡಿಸಲಾಗುತ್ತದೆ. ಒಂದೇ ಆಕಾರದ ಮೇಲೆ ನಾಲ್ಕು ಕಿಟಕಿಗಳನ್ನು ಬಿಡಿಸಿದರೆ ಅದು ಚಿಕ್ಕ ದೋಣಿಯಂತೆಯೂ ನಾಲ್ಕು ಸಾವಿರ ಚುಕ್ಕಿಬೆಳಕುಗಳನ್ನು ಇಟ್ಟರೆ ನಗರದಂತೆಯೂ ಕಾಣುತ್ತದೆ.

ಆಟಗಾರರ ಅಭಿಪ್ರಾಯಗಳು

ಉಪಯೋಗ ಮತ್ತು ಚೆಲುವು

ನೌಕೆಯ ರೂಪದ ಕುರಿತ ವಾದಗಳಲ್ಲಿ ಮುಖ್ಯವಾಗಿ ಎರಡು ಪಕ್ಷಗಳನ್ನು ಕಾಣಬಹುದು. ಮೊದಲ ಪಕ್ಷದವರ ಪ್ರಕಾರ ನೌಕೆಯ ಪ್ರತಿಯೊಂದು ಭಾಗಕ್ಕೂ ಕಾರಣವಿರಬೇಕು. ಎಂಜಿನು ಎಲ್ಲಿದೆ, ಇಂಧನ ಎಲ್ಲಿ ತುಂಬುತ್ತದೆ, ಶಾಖವು ಹೇಗೆ ಹೊರಹೋಗುತ್ತದೆ ಎಂಬ ಪ್ರಶ್ನೆಗಳಿಗೆ ನೌಕೆಯನ್ನು ನೋಡಿದೊಡನೆ ಉತ್ತರ ದೊರೆಯಬೇಕು. ಗಾಳಿಯಿಲ್ಲದೆಡೆ ರೆಕ್ಕೆಗಳೇಕೆ ಎಂಬುದು ಇವರ ಸಾಮಾನ್ಯ ಆಕ್ಷೇಪ. ಎರಡನೆಯ ಪಕ್ಷದವರು ಆಟವು ಕಲ್ಪನೆಯ ಲೋಕವೆಂದೂ, ವೇಗ, ಗಾಂಭೀರ್ಯ, ಭಯ ಮೊದಲಾದ ಭಾವಗಳನ್ನು ರೂಪವು ಮೂಡಿಸಿದರೆ ಸಾಕೆಂದೂ ವಾದಿಸುತ್ತಾರೆ. ಗ್ರಹದ ವಾಯುಮಂಡಲಕ್ಕೆ ಇಳಿಯುವ ನೌಕೆಗಳಿಗೆ ರೆಕ್ಕೆ ಬೇಕಾಗುತ್ತದೆ ಎಂಬ ಮೂರನೆಯ ಮಾತು ಇಬ್ಬರನ್ನೂ ಸ್ವಲ್ಪಮಟ್ಟಿಗೆ ಸಮಾಧಾನಪಡಿಸುತ್ತದೆ.

ಸಮಮಿತಿಯ ಪ್ರಶ್ನೆ

ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆ 2003ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಈವ್ ಆನ್‌ಲೈನ್ ಆಟದಲ್ಲಿ ನಾಲ್ಕು ಸಾಮ್ರಾಜ್ಯಗಳಿದ್ದು ಪ್ರತಿಯೊಂದಕ್ಕೂ ಪ್ರತ್ಯೇಕ ಶೈಲಿಯಿದೆ. ಅಮಾರ್ ನೌಕೆಗಳು ಹೊಂಬಣ್ಣದವು, ದೇವಾಲಯದ ಘನತೆಯನ್ನು ಸೂಚಿಸುವಂಥವು. ಕಾಲ್ಡಾರಿ ನೌಕೆಗಳು ಬೂದುಬಣ್ಣದ, ಕೋನಾಕೃತಿಯ ಕಾರ್ಖಾನೆಗಳಂತಿವೆ. ಗಲೆಂಟೆ ನೌಕೆಗಳು ಜೀವಿಗಳಂತೆ ಉರುಟಾದ ಮೈಯುಳ್ಳವು. ಮಿನ್ಮಾಟಾರ್ ನೌಕೆಗಳು ತುಕ್ಕು ಹಿಡಿದ ತಗಡು ಮತ್ತು ತೊಲೆಗಳನ್ನು ಜೋಡಿಸಿ ಕಟ್ಟಿದಂತಿವೆ. ಆರಂಭದ ಹಲವು ನೌಕೆಗಳ ಎಡ-ಬಲಗಳು ಒಂದೇ ತೆರನಾಗಿರಲಿಲ್ಲ. ಕೆಲವು ಆಟಗಾರರಿಗೆ ಇದು ಕುರೂಪವೆನಿಸಿತು. ಮತ್ತೆ ಕೆಲವರಿಗೆ ಇದೇ ಆ ಆಟದ ವೈಶಿಷ್ಟ್ಯವೆನಿಸಿತು.

ಪ್ರಾಣಿ, ಪಕ್ಷಿ ಮತ್ತು ಮನುಷ್ಯರ ದೇಹಗಳು ಹೊರನೋಟಕ್ಕೆ ಸಮಮಿತವಾಗಿರುವುದರಿಂದ ಕಣ್ಣು ಸಮಮಿತಿಯನ್ನು ಸಹಜವೆಂದು ಸ್ವೀಕರಿಸುತ್ತದೆ. ಆದರೆ ದುಡಿಮೆಯ ಯಂತ್ರಗಳು ಅನೇಕ ವೇಳೆ ಅಸಮಮಿತವಾಗಿರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಭಾಗದ ಗದ್ದೆಗಳಲ್ಲಿ ಕಾಣುವ ಭತ್ತ ಕಟಾವು ಯಂತ್ರವು ಇದಕ್ಕೆ ಉತ್ತಮ ಉದಾಹರಣೆ. ಕಾಳನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಸುರಿಯುವ ಉದ್ದನೆಯ ಕೊಳವೆ ಅದರ ಒಂದೇ ಪಕ್ಕಕ್ಕೆ ಇರುತ್ತದೆ. ಅದನ್ನು ಕುರೂಪವೆಂದು ಯಾವ ರೈತನೂ ಹೇಳುವುದಿಲ್ಲ, ಏಕೆಂದರೆ ಆ ಕೊಳವೆಯ ಕೆಲಸ ಅವನಿಗೆ ಗೊತ್ತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಆಳದಿಂದ ಅದಿರನ್ನು ಮೇಲೆತ್ತುವ ಗಾಲಿಗೋಪುರವೂ ಅಂತಹುದೇ. ಅದರ ಓರೆಯಾದ ಕಾಲುಗಳು ಹಗ್ಗದ ಎಳೆತವನ್ನು ತಡೆಯಲೆಂದು ಇರುವಂಥವು. ಆಟಗಾರರು ಒಪ್ಪದಿರುವುದು ಬಹುಮಟ್ಟಿಗೆ ಅಸಮಮಿತಿಯನ್ನಲ್ಲ, ಕಾರಣ ಕಾಣದ ಅಸಮಮಿತಿಯನ್ನು.

ಮರುವಿನ್ಯಾಸಕ್ಕೆ ವಿರೋಧ

ಬಹುಕಾಲ ನಡೆಯುವ ಆಟಗಳಲ್ಲಿ ಹಳೆಯ ನೌಕೆಗಳನ್ನು ಹೊಸ ತಂತ್ರಕ್ಕೆ ಹೊಂದಿಸಿ ಮತ್ತೆ ಚಿತ್ರಿಸುವುದು ಅನಿವಾರ್ಯ. ಈವ್ ಆನ್‌ಲೈನ್ ಆಟವು 2007ರ ಡಿಸೆಂಬರಿನಲ್ಲಿ ಟ್ರಿನಿಟಿ ಎಂಬ ವಿಸ್ತರಣೆಯ ಮೂಲಕ ನೌಕೆಗಳ ಚಿತ್ರಣವನ್ನು ವ್ಯಾಪಕವಾಗಿ ನವೀಕರಿಸಿತು. ಅನಂತರವೂ ಒಂದೊಂದಾಗಿ ನೌಕೆಗಳ ರೂಪವು ಬದಲಾಗುತ್ತ ಬಂದಿದೆ. ಹೊಸ ರೂಪವು ಎಷ್ಟೇ ನಯವಾಗಿದ್ದರೂ ಹಳೆಯದನ್ನೇ ಬಯಸುವವರು ಇರುತ್ತಾರೆ. ಇದನ್ನು ಬರಿಯ ಹಟವೆಂದು ತಳ್ಳಿಹಾಕುವಂತಿಲ್ಲ. ವರ್ಷಗಟ್ಟಲೆ ಒಂದೇ ನೌಕೆಯಲ್ಲಿ ಗೆಳೆಯರೊಡನೆ ಆಡಿದವರಿಗೆ ಆ ರೂಪದೊಡನೆ ನೆನಪುಗಳು ಬೆಸೆದುಕೊಂಡಿರುತ್ತವೆ. ನೌಕೆಯು ಸಂಸ್ಥೆಯ ಸ್ವತ್ತು, ನೆನಪು ಆಟಗಾರರ ಸ್ವತ್ತು; ಒಂದನ್ನು ಬದಲಿಸಿದರೆ ಇನ್ನೊಂದಕ್ಕೂ ತಾಗುತ್ತದೆ.

ಈವ್ ಆಟದಲ್ಲಿ 2008ರಿಂದ ಆಟಗಾರರೇ ಮತ ನೀಡಿ ಆರಿಸುವ ಪ್ರತಿನಿಧಿ ಮಂಡಳಿಯೊಂದಿದ್ದು, ಇಂತಹ ಅಭಿಪ್ರಾಯಗಳನ್ನು ಸಂಸ್ಥೆಗೆ ತಲುಪಿಸುತ್ತದೆ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ತನ್ನ ಸಂಗ್ರಹಕ್ಕೆ ಮೊದಲ ಬಾರಿಗೆ ಆಯ್ದುಕೊಂಡ 14 ವಿಡಿಯೊ ಆಟಗಳಲ್ಲಿ ಈವ್ ಆನ್‌ಲೈನ್ ಕೂಡ ಒಂದು.

ಕಾಣದ ನೌಕೆಯ ಮೇಲಿನ ಮೋಹ

ನೌಕೆಯ ಹೊರರೂಪಕ್ಕೆ ಇಷ್ಟು ಮಹತ್ತ್ವ ನೀಡುವ ಆಟಗಾರರು ವಾಸ್ತವವಾಗಿ ಅದನ್ನು ನೋಡುವುದು ಕಡಿಮೆ ಎಂಬುದು ಗಮನಾರ್ಹ. ಎಲೀಟ್ ಡೇಂಜರಸ್‌ನಂತಹ ಆಟಗಳಲ್ಲಿ ಚಾಲಕರ ಕೋಣೆಯ ಒಳಗಿನಿಂದಲೇ ಲೋಕವು ಕಾಣುತ್ತದೆ. ಆದಕಾರಣ ಅಲ್ಲಿ ಗಾಜಿನ ಅಗಲ, ನೋಟಕ್ಕೆ ಅಡ್ಡಬರುವ ಕಂಬಗಳು, ಎಂಜಿನಿನ ಸದ್ದು ಇವೂ ಚರ್ಚೆಯ ವಿಷಯಗಳು. ಈವ್ ಆಟದ ಮಹಾಯುದ್ಧಗಳಲ್ಲಿ ನೋಟವನ್ನು ಬಹುದೂರಕ್ಕೆ ಎಳೆದುಕೊಳ್ಳಬೇಕಾದ್ದರಿಂದ ನೌಕೆಗಳು ಬರಿಯ ಚಿಹ್ನೆಗಳಾಗಿ ಕಾಣುತ್ತವೆ.

ಆದರೂ ಆ ಚಿಹ್ನೆಗಳ ಹಿಂದೆ ಇರುವುದು ನಿಜವಾದ ಶ್ರಮ. 2014ರ ಜನವರಿ 27ರಂದು ಬಿ-ಆರ್5ಆರ್‌ಬಿ ಎಂಬ ಕಾಲ್ಪನಿಕ ನಕ್ಷತ್ರವ್ಯೂಹದಲ್ಲಿ ಆರಂಭವಾಗಿ ಸುಮಾರು 21 ಗಂಟೆಗಳ ಕಾಲ ನಡೆದ ಕಾಳಗದಲ್ಲಿ 7,500ಕ್ಕೂ ಹೆಚ್ಚು ಆಟಗಾರರು ಭಾಗವಹಿಸಿದರು. ಟೈಟನ್ ವರ್ಗದ 75 ಬೃಹತ್ ನೌಕೆಗಳು ನಾಶವಾದವು. ಒಟ್ಟು ನಷ್ಟವನ್ನು 3 ಲಕ್ಷ ಅಮೆರಿಕನ್ ಡಾಲರಿಗೂ ಮಿಗಿಲೆಂದು ಅಂದಾಜಿಸಲಾಯಿತು. ಒಂದೊಂದು ಟೈಟನ್ ನೌಕೆಯೂ ಅನೇಕ ಆಟಗಾರರು ಕೂಡಿ ಬಹುಕಾಲ ಗಣಿಗಾರಿಕೆ, ಸಾಗಣೆ, ನಿರ್ಮಾಣ ಮಾಡಿ ಕಟ್ಟಿದುದಾಗಿತ್ತು. ಸಂಸ್ಥೆಯು ಆ ಸ್ಥಳದಲ್ಲಿ ನೌಕೆಗಳ ಅವಶೇಷಗಳನ್ನು ಶಾಶ್ವತ ಸ್ಮಾರಕವಾಗಿ ಉಳಿಸಿದೆ.

ತಾವೇ ಕಟ್ಟುವ ನೌಕೆಗಳು

ಕೆಲವು ಆಟಗಳಲ್ಲಿ ವಿನ್ಯಾಸದ ಅಧಿಕಾರವನ್ನು ಆಟಗಾರರಿಗೇ ವಹಿಸಲಾಗಿದೆ. ಮೆಕ್ಸಿಕೊದ ಸ್ಕ್ವಾಡ್ ಸಂಸ್ಥೆಯ ಕರ್ಬಲ್ ಸ್ಪೇಸ್ ಪ್ರೋಗ್ರಾಂ 2011ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ಪೂರ್ಣ ಆವೃತ್ತಿ 2015ರಲ್ಲಿ ಬಂದಿತು. ಇಲ್ಲಿ ಅಂದವಾದ ರಾಕೆಟ್ಟಿನ ತೂಕವು ಸರಿಯಾಗಿ ಹಂಚಿಕೆಯಾಗದಿದ್ದರೆ ಅದು ಮಗುಚಿ ಬೀಳುತ್ತದೆ. ವಿನ್ಯಾಸದ ಗುಣದೋಷಗಳನ್ನು ವಿಮರ್ಶಕರ ಬದಲಿಗೆ ಭೌತಶಾಸ್ತ್ರವೇ ತೀರ್ಮಾನಿಸುತ್ತದೆ.

ಬ್ರಿಟನ್ನಿನ ಹೆಲೊ ಗೇಮ್ಸ್ ಸಂಸ್ಥೆಯ ನೋ ಮ್ಯಾನ್ಸ್ ಸ್ಕೈ ಆಟವು 2016ರಲ್ಲಿ ಬಿಡುಗಡೆಯಾದಾಗ ನೌಕೆಗಳನ್ನು ಗಣಿತಸೂತ್ರಗಳೇ ಭಾಗಗಳಿಂದ ಜೋಡಿಸುತ್ತಿದ್ದವು. ಆಟಗಾರರು ತಮಗೆ ಒಪ್ಪಿದ ನೌಕೆಯನ್ನು ಹುಡುಕಿ ಕೊಳ್ಳಬೇಕಾಗಿತ್ತು, ಬಣ್ಣವನ್ನೂ ಬದಲಿಸುವಂತಿರಲಿಲ್ಲ. ಸುಂದರ ನೌಕೆ ದೊರೆಯುವ ನಕ್ಷತ್ರದ ವಿಳಾಸವನ್ನು ಪರಸ್ಪರ ಹಂಚಿಕೊಳ್ಳುವ ಪದ್ಧತಿಯೊಂದು ಹೀಗೆ ಬೆಳೆಯಿತು. 2024ರ ಮಾರ್ಚ್‌ನಲ್ಲಿ ಬಂದ ಆರ್ಬಿಟಲ್ ಎಂಬ ನವೀಕರಣವು ಭಾಗಗಳನ್ನು ಆರಿಸಿ ನೌಕೆಯನ್ನು ಜೋಡಿಸುವ ಅವಕಾಶವನ್ನು ನೀಡಿತು. ಬಹುಕಾಲದ ಬೇಡಿಕೆ ಈಡೇರಿದರೂ, ಹುಡುಕಾಟದಲ್ಲಿದ್ದ ಸುಖವು ಇದರಿಂದ ಕಡಿಮೆಯಾಗುವುದೇ ಎಂಬ ಪ್ರಶ್ನೆಗೆ ಆಸ್ಪದವಾಯಿತು.

2023ರ ಸ್ಟಾರ್‌ಫೀಲ್ಡ್ ಆಟದಲ್ಲಿಯೂ ಭಾಗಗಳನ್ನು ಜೋಡಿಸಿ ನೌಕೆ ಕಟ್ಟುವ ವ್ಯವಸ್ಥೆಯಿದೆ. ಹೊರರೂಪವನ್ನು ಮನಬಂದಂತೆ ರೂಪಿಸಬಹುದಾದರೂ ಒಳಗಿನ ಏಣಿ-ಬಾಗಿಲುಗಳನ್ನು ಆಟವೇ ಇರಿಸುತ್ತಿದ್ದುದು ಆರಂಭದಲ್ಲಿ ಅಸಮಾಧಾನಕ್ಕೆ ಕಾರಣವಾಯಿತು. ಹೊರಗಿನ ಚೆಲುವಿನಷ್ಟೇ ಒಳಗಿನ ಓಡಾಟವೂ ಮುಖ್ಯವೆಂಬುದನ್ನು, ಮನೆ ಕಟ್ಟಿಸಿದವರೆಲ್ಲರಿಗೂ ತಿಳಿದಿರುವ ಈ ಸಂಗತಿಯನ್ನು, ಆ ಆಕ್ಷೇಪವು ಎತ್ತಿ ತೋರಿಸಿತು.

ವಿನ್ಯಾಸ ಮತ್ತು ಹಣ

ಆಟದ ಬಲಾಬಲಕ್ಕೆ ಸಂಬಂಧಿಸದ, ಕೇವಲ ಅಂದಕ್ಕಾಗಿ ಇರುವ ಬಣ್ಣ ಮತ್ತು ಅಲಂಕಾರಗಳನ್ನು ನಿಜವಾದ ಹಣಕ್ಕೆ ಮಾರುವುದು ಇಂದು ಸಾಮಾನ್ಯ ಪದ್ಧತಿ. ಎಲೀಟ್ ಡೇಂಜರಸ್‌ನಲ್ಲಿ ನೌಕೆಯ ಬಣ್ಣಗಳು ಹೀಗೆ ಮಾರಾಟವಾಗುತ್ತವೆ. ಈವ್ ಆಟದಲ್ಲಿ 2011ರ ಜೂನ್ ತಿಂಗಳಲ್ಲಿ ಪಾತ್ರಗಳ ಅಲಂಕಾರ ಸಾಮಗ್ರಿಗಳಿಗೆ ದುಬಾರಿ ಬೆಲೆ ಇಟ್ಟಾಗ ಆಟಗಾರರು ಆಟದೊಳಗಿನ ಪ್ರಮುಖ ಮಾರುಕಟ್ಟೆಯ ಪ್ರತಿಮೆಯ ಸುತ್ತ ನೆರೆದು ಅದಕ್ಕೆ ಗುಂಡು ಹಾರಿಸಿ ಪ್ರತಿಭಟಿಸಿದರು. ಅದೇ ವರ್ಷ ಸಂಸ್ಥೆಯ ಮುಖ್ಯಸ್ಥರಾದ ಹಿಲ್ಮಾರ್ ಪೆಟುರ್ಸನ್ ಬಹಿರಂಗವಾಗಿ ಕ್ಷಮೆ ಯಾಚಿಸಿ, ನೌಕೆಗಳ ಕಡೆಗೆ ಮತ್ತೆ ಗಮನ ಹರಿಸುವುದಾಗಿ ತಿಳಿಸಿದರು. 2015ರಲ್ಲಿ ನೌಕೆಗಳ ಬಣ್ಣಕ್ಕಾಗಿ ಪ್ರತ್ಯೇಕ ವ್ಯವಸ್ಥೆ ಜಾರಿಗೆ ಬಂದಿತು.

ಕ್ರಿಸ್ ರಾಬರ್ಟ್ಸ್ ಅವರ ನೇತೃತ್ವದ ಸ್ಟಾರ್ ಸಿಟಿಜನ್ ಯೋಜನೆ 2012ರಲ್ಲಿ ಸಾರ್ವಜನಿಕರ ವಂತಿಗೆಯಿಂದ ಆರಂಭವಾಯಿತು. 2024ರ ವೇಳೆಗೆ ಸಂಗ್ರಹವಾದ ಮೊತ್ತವು 70 ಕೋಟಿ ಡಾಲರನ್ನು ಮೀರಿತು. ಇದರಲ್ಲಿ ನೌಕೆಗಳ ಮಾರಾಟದ ಪಾಲು ದೊಡ್ಡದು. ನೌಕೆಯು ಆಟದಲ್ಲಿ ಸಿದ್ಧವಾಗುವ ಮೊದಲೇ ಅದರ ಕಲ್ಪನಾಚಿತ್ರವನ್ನು ತೋರಿಸಿ ಹಣ ಪಡೆಯುವ ಕ್ರಮವು ವಿಶೇಷ ಟೀಕೆಗೆ ಗುರಿಯಾಗಿದೆ. 2021ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯು, ಇಂತಹ ನೌಕೆಗಳು ಇನ್ನೂ ಆಟದಲ್ಲಿ ಲಭ್ಯವಿಲ್ಲವೆಂಬುದನ್ನು ಜಾಹೀರಾತಿನಲ್ಲಿ ಸ್ಪಷ್ಟಪಡಿಸಬೇಕೆಂದು ಸೂಚಿಸಿತು. ತಮ್ಮ ಹಣವು ಮೆಚ್ಚಿನ ಕನಸೊಂದಕ್ಕೆ ನೀಡಿದ ಬೆಂಬಲವೆಂದು ಒಂದು ವರ್ಗದ ಆಟಗಾರರು ಭಾವಿಸಿದರೆ, ಚಿತ್ರವನ್ನು ಕೊಳ್ಳುವುದು ವಸ್ತುವನ್ನು ಕೊಂಡಂತಲ್ಲ ಎಂಬುದು ಇನ್ನೊಂದು ವರ್ಗದ ನಿಲುವು.

ಈ ವಿಷಯದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರು ತಿಳಿದಿರಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ಇಂತಹ ಆಟಗಳಲ್ಲಿ ಕೊಂಡ ನೌಕೆ ಅಥವಾ ಬಣ್ಣವು ಸಾಮಾನ್ಯವಾಗಿ ಬಳಕೆಯ ಅನುಮತಿಯೇ ಹೊರತು ಒಡೆತನವಲ್ಲ. ಆಟದ ಸೇವೆ ನಿಂತರೆ ಅದೂ ಇಲ್ಲವಾಗುತ್ತದೆ. ಎರಡನೆಯದು, ಭಾರತೀಯ ಕರಾರು ಅಧಿನಿಯಮ, 1872ರ ಪ್ರಕಾರ 18 ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಮನೆಯವರ ಮೊಬೈಲಿನಲ್ಲಿರುವ ಪಾವತಿ ವ್ಯವಸ್ಥೆಯ ಮೂಲಕ ಮಕ್ಕಳು ತಿಳಿಯದೆ ಮಾಡುವ ಖರೀದಿಗಳನ್ನು ತಡೆಯಲು ಗುಪ್ತಸಂಖ್ಯೆಯನ್ನು ಹಿರಿಯರೇ ಇಟ್ಟುಕೊಳ್ಳುವುದು ಉಚಿತ.

ವಾಸ್ತವ ನೌಕೆಗಳೊಡನೆ ಹೋಲಿಕೆ

ನಿಜವಾದ ಬಾಹ್ಯಾಕಾಶ ನೌಕೆಗಳ ರೂಪವನ್ನು ನಿರ್ಧರಿಸುವುದು ತೂಕ, ಶಾಖ ಮತ್ತು ಸಮತೋಲ. 1969ರಲ್ಲಿ ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಅಪೊಲೊ ಇಳಿನೌಕೆಯ ಮೇಲ್ಭಾಗವು ಒಂದು ಕೆನ್ನೆ ಊದಿದಂತೆ ಅಸಮಮಿತವಾಗಿತ್ತು. ಅದರ ಇಂಧನಕ್ಕಿಂತ ಉತ್ಕರ್ಷಕವು ಹೆಚ್ಚು ತೂಕದ್ದಾಗಿದ್ದುದರಿಂದ, ತಕ್ಕಡಿಯಲ್ಲಿ ಹಗುರ ವಸ್ತುವನ್ನು ನಡುವಿನಿಂದ ದೂರ ಸರಿಸುವಂತೆ ಇಂಧನದ ತೊಟ್ಟಿಯನ್ನು ಹೆಚ್ಚು ಹೊರಕ್ಕೆ ಇಡಲಾಗಿತ್ತು.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆಯ ಚಂದ್ರಯಾನ-3ರ ವಿಕ್ರಮ್ ಇಳಿನೌಕೆಯು 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವ ಪ್ರದೇಶದ ಸಮೀಪ ಇಳಿಯಿತು. ಇದು ನಾಲ್ಕು ಕಾಲುಗಳ ಮೇಲೆ ನಿಂತ ಪೆಟ್ಟಿಗೆಯಂತಿದೆ. 2019ರ ಚಂದ್ರಯಾನ-2ರ ವೈಫಲ್ಯದ ಬಳಿಕ ಅದರ ವಿನ್ಯಾಸದಲ್ಲಿ ಬದಲಾವಣೆಗಳನ್ನು ಮಾಡಲಾಯಿತು: ನಡುವಿನ ಐದನೆಯ ಎಂಜಿನನ್ನು ಕೈಬಿಟ್ಟು ನಾಲ್ಕನ್ನು ಮಾತ್ರ ಉಳಿಸಲಾಯಿತು, ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಇಳಿದರೂ ತಾಳಿಕೊಳ್ಳುವಂತೆ ಕಾಲುಗಳನ್ನು ಬಲಪಡಿಸಲಾಯಿತು, ಸೌರಫಲಕಗಳನ್ನು ಹಿಗ್ಗಿಸಲಾಯಿತು. ಮರುವಿನ್ಯಾಸವೆಂಬುದು ಆಟಗಳಲ್ಲಿ ರುಚಿಯ ಪ್ರಶ್ನೆಯಾದರೆ ಇಲ್ಲಿ ಅಳಿವು-ಉಳಿವಿನ ಪ್ರಶ್ನೆ.

ಉಪಗ್ರಹಗಳ ಮೈಮೇಲೆ ಕಾಣುವ ಹೊಂಬಣ್ಣದ ಹೊದಿಕೆಯನ್ನು ಅನೇಕರು ಚಿನ್ನದ ತಗಡೆಂದು ತಿಳಿಯುವುದುಂಟು. ಅದು ಬಹುಮಟ್ಟಿಗೆ ಹಳದಿ-ಕಂದು ಬಣ್ಣದ ಪಾಲಿಇಮೈಡ್ ಎಂಬ ತೆಳು ಹಾಳೆಯ ಹಿಂಬದಿಗೆ ಅಲ್ಯೂಮಿನಿಯಂ ಲೇಪಿಸಿ, ಹಲವು ಪದರಗಳಲ್ಲಿ ಜೋಡಿಸಿದ ಶಾಖನಿರೋಧಕ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸೌರಫಲಕಗಳಲ್ಲದೆ, ಒಳಗಿನ ಶಾಖವನ್ನು ಹೊರಸೂಸಲು ಬಿಳಿಯ ಫಲಕಗಳೂ ಇವೆ. ಗಾಳಿಯಿಲ್ಲದೆಡೆ ಬಿಸಿಯನ್ನು ಕಳೆದುಕೊಳ್ಳಲು ವಿಕಿರಣವೇ ಮುಖ್ಯ ದಾರಿ. ಬಹುಪಾಲು ಆಟಗಳ ನೌಕೆಗಳಲ್ಲಿ ಇಂತಹ ಫಲಕಗಳು ಕಾಣುವುದಿಲ್ಲ ಎಂಬುದು ವಿಜ್ಞಾನಪ್ರಿಯ ಆಟಗಾರರ ಹಳೆಯ ದೂರು.

ಕರ್ನಾಟಕದ ಸಂದರ್ಭ

ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಭಾರತದ ಮೊದಲ ವಿಡಿಯೊ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ವಿದೇಶಿ ಸಂಸ್ಥೆಗಳ ಆಟಗಳಿಗೆ ಬೇಕಾದ ವಾಹನ, ಕಟ್ಟಡ, ಪಾತ್ರ ಮುಂತಾದವುಗಳ ಚಿತ್ರಮಾದರಿಗಳನ್ನು ಸಿದ್ಧಪಡಿಸಿಕೊಡುವುದರಲ್ಲಿ ಅದು ಹೆಸರು ಪಡೆಯಿತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯು ಕೊಂಡುಕೊಂಡಿತು. ಕರ್ನಾಟಕ ಸರ್ಕಾರವು 2012ರಲ್ಲಿ ಅನಿಮೇಷನ್, ದೃಶ್ಯಪರಿಣಾಮ, ವಿಡಿಯೊ ಆಟ ಮತ್ತು ಕಾಮಿಕ್ಸ್ ಕ್ಷೇತ್ರಕ್ಕಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. 2024ರಿಂದ 2029ರವರೆಗಿನ ಅವಧಿಗೆ ಪರಿಷ್ಕೃತ ನೀತಿಯನ್ನು ರೂಪಿಸಲಾಗಿದೆ.

ಇಂತಹ ಗುತ್ತಿಗೆ ಕೆಲಸದಲ್ಲಿ ಮೂಲ ಕಲ್ಪನೆ ಒಂದು ದೇಶದ್ದು, ಅದಕ್ಕೆ ಮೈಕೊಡುವ ಕೈ ಇನ್ನೊಂದು ದೇಶದ್ದು. ಒಂದು ವಾಹನ ಅಥವಾ ನೌಕೆಯ ಮಾದರಿಯನ್ನು ಸಾವಿರಾರು ಮುಖಗಳಾಗಿ ವಿಂಗಡಿಸಿ, ಗೀರು-ಕಲೆಗಳವರೆಗೆ ಬಣ್ಣ ತುಂಬುವವರ ಹೆಸರು ಆಟಗಾರರಿಗೆ ತಿಳಿಯುವುದು ಅಪರೂಪ. ಹಳೆಯ ದೇವಾಲಯಗಳ ಶಿಲ್ಪಿಗಳಲ್ಲಿ ಕೆಲವರಾದರೂ ವಿಗ್ರಹದ ಪೀಠದ ಮೇಲೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಬೇಲೂರಿನಲ್ಲಿ ಅಂತಹ ಹಲವು ಹೆಸರುಗಳಿವೆ. ಆಟದ ಕೊನೆಯಲ್ಲಿ ಬರುವ ಹೆಸರುಪಟ್ಟಿಯಲ್ಲಿ ಗುತ್ತಿಗೆ ಸಂಸ್ಥೆಗಳ ಕಲಾವಿದರನ್ನೂ ಒಬ್ಬೊಬ್ಬರಾಗಿ ಸೇರಿಸಬೇಕೆಂಬುದು ಈ ಉದ್ಯಮದ ಕಲಾವಿದರ ನ್ಯಾಯವಾದ ಬೇಡಿಕೆಗಳಲ್ಲಿ ಒಂದಾಗಿದೆ.

ಭಾರತದಲ್ಲಿ ವಿಡಿಯೊ ಆಟಗಳನ್ನು ಬಹುಪಾಲು ಮೊಬೈಲಿನಲ್ಲಿಯೇ ಆಡಲಾಗುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನಂತಹ ತಾಲ್ಲೂಕು ಕೇಂದ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಅಂಗೈಯಗಲದ ಪರದೆಯಲ್ಲಿ, ಹಗಲಿನ ಬಿಸಿಲಿನಲ್ಲಿ, ಮೇಲ್ಮೈಯ ಸೂಕ್ಷ್ಮ ವಿವರಗಳು ಕಾಣಿಸವು. ಅಲ್ಲಿ ಕೆಲಸಕ್ಕೆ ಬರುವುದು ಸ್ಪಷ್ಟವಾದ ಹೊರಗೆರೆ ಮತ್ತು ಗಾಢವಾದ ಬಣ್ಣವೇ. ಈವ್ ಆಟದ ಮೊಬೈಲ್ ರೂಪವಾದ ಈವ್ ಎಕೋಸ್ 2020ರಲ್ಲಿ ಬಿಡುಗಡೆಯಾಯಿತು. ತಂತ್ರಜ್ಞಾನವು ಇಷ್ಟು ಮುಂದುವರಿದ ಮೇಲೂ ಚಿಕ್ಕ ಪರದೆಯು ವಿನ್ಯಾಸಕಾರರನ್ನು ಸೂಜಿ ಮತ್ತು ಬೆಣೆಗಳ ಮೂಲಪಾಠಕ್ಕೆ ಮರಳಿಸಿದೆ.

ಕಲಿಕೆಯಲ್ಲಿ ಬಳಕೆ

ನೌಕಾವಿನ್ಯಾಸದ ಚರ್ಚೆಯು ಶಾಲಾ ಪಾಠಗಳೊಡನೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಸಮಮಿತಿ ಮತ್ತು ಘನಾಕೃತಿಗಳು ಗಣಿತಕ್ಕೆ, ಗುರುತ್ವಕೇಂದ್ರ ಮತ್ತು ಶಾಖದ ವಿಕಿರಣ ವಿಜ್ಞಾನಕ್ಕೆ, ಬಣ್ಣ ಹಾಗೂ ಹೊರಗೆರೆ ಚಿತ್ರಕಲೆಗೆ ಸೇರಿದ ವಿಷಯಗಳು. ರಟ್ಟಿನಿಂದ ನೌಕೆಯ ಮಾದರಿಯನ್ನು ಕತ್ತರಿಸಿ ದೀಪದ ಮುಂದೆ ಹಿಡಿದು, ಗೋಡೆಯ ಮೇಲಿನ ನೆರಳಿನಿಂದ ಅದರ ಕೆಲಸವನ್ನು ಊಹಿಸಲು ಸಹಪಾಠಿಗಳಿಗೆ ಹೇಳುವುದು ಖರ್ಚಿಲ್ಲದ ಚಟುವಟಿಕೆ. ಸರಿಯಾಗಿ ಊಹಿಸಿದವರ ಸಂಖ್ಯೆ ಹೆಚ್ಚಿದ್ದರೆ ವಿನ್ಯಾಸವು ಯಶಸ್ವಿಯಾಗಿದೆ ಎಂದು ತಿಳಿಯಬಹುದು. ಕಡಿಮೆಯಿದ್ದರೆ ಯಾವ ಅಂಚನ್ನು ತಿದ್ದಬೇಕೆಂಬುದನ್ನು ಅವರ ತಪ್ಪು ಊಹೆಗಳೇ ತೋರಿಸುತ್ತವೆ.

ಇವನ್ನೂ ನೋಡಿ

ವಿಡಿಯೊ ಆಟ
ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ
ಚಂದ್ರಯಾನ-3
ತೊಗಲು ಗೊಂಬೆಯಾಟ
ದೊಡ್ಡಾಟ
ಹಟ್ಟಿ ಚಿನ್ನದ ಗಣಿ